ಮಾಸ್ತರು ಅಳತೆ ಕೊಟ್ಟದ್ದು

ಆ ಬೀದಿಯ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಜರುಗಿತು. ಟೈಲರ್ ಮಾಸ್ತರು ತಮ್ಮ ಸ್ವಂತ ಪ್ಯಾಂಟಿನ ಸೊಂಟವನ್ನು ಒಂದೇ ವರ್ಷದಲ್ಲಿ ಮೂರನೆಯ ಸಲ ಒಳಗೆ ಹಿಡಿದು ಹೊಲಿದರು.

ಬೀದಿಯ ಸೊಂಟಗಳೆಲ್ಲ ವರ್ಷದಿಂದ ವರ್ಷಕ್ಕೆ ಹೊರಗೇ ಹೊರಟಿರುವಾಗ ತಮ್ಮದೊಂದು ಮಾತ್ರ ಒಳಗೆ ಬರುತ್ತಿದೆಯೆಂದು ಮಾಸ್ತರಿಗೆ ಹೆಮ್ಮೆ. ಯಾವ ಗಿರಾಕಿ ಬಂದರೂ ಅಳತೆ ಹಿಡಿದು "ಅರ್ಧ ಇಂಚು ಲೂಸ್ ಇರಲಿ" ಎನ್ನುತ್ತಿದ್ದುದರಿಂದ ಜನ ಅವರನ್ನು ಕರೆಯುತ್ತಿದ್ದುದೇ ಅರ್ಧ ಇಂಚು ಮಾಸ್ತರು ಎಂದು.

"ನೋಡಿದೆಯೇನೇ? ವಯಸ್ಸು ಐವತ್ತೆರಡು, ಸೊಂಟ ಮದುವೆ ದಿನದ್ದು!"

ಗುಂಡಿ ಹಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಮುಖ ಮಾತ್ರ ಮದುವೆ ದಿನದ್ದಲ್ಲ. ಹೋಗಲಿ, ಆ ಹೂಜಿ ಖಾಲಿ ಮಾಡಿದ್ದು ಯಾರು? ಬೆಳಿಗ್ಗೆಯಿಂದ ಎರಡು ಸಲ ತುಂಬಿಸಿದ್ದೀನಿ."

"ಬಾಯಾರಿಕೆ ಕಣೇ. ದುಡಿಯೋ ಮೈ."

ದುಡಿಯುವ ಮೈ ಇತ್ತೀಚೆಗೆ ರಾತ್ರಿ ಮೂರು ಸಲ ಎದ್ದು ಹಿತ್ತಿಲಿಗೆ ಹೋಗುತ್ತಿತ್ತು. ಸೂಜಿಗೆ ದಾರ ಪೋಣಿಸುವ ಕೆಲಸ ಆರು ತಿಂಗಳಿಂದ ಹೆಂಡತಿಯ ಪಾಲಿಗೆ ಬಂದಿತ್ತು. ಸೂಜಿ ಮಾಡುವವರು ಈಗೀಗ ಕಣ್ಣನ್ನು ಚಿಕ್ಕದು ಮಾಡುತ್ತಿದ್ದಾರೆಂಬುದು ಮಾಸ್ತರ ದೃಢವಾದ ಅಭಿಪ್ರಾಯ.

ಮಧ್ಯಾಹ್ನ ಊಟವಾದ ಮೇಲೆ ಮಾಸ್ತರು ಕತ್ತರಿಸುವ ಮೇಜಿಗೆ ಒರಗಿ ಕಾಲು ಚಾಚಿದರು. ಹೆಂಡತಿ ಎಂದಿನಂತೆ ಅಯಸ್ಕಾಂತ ಹಿಡಿದು ನೆಲದ ಮೇಲೆ ಬಿದ್ದ ಗುಂಡುಸೂಜಿಗಳನ್ನು ಆಯುತ್ತ ಬಂದಳು. ಅವರ ಬಲಗಾಲ ಹಿಮ್ಮಡಿಯ ಹತ್ತಿರ ಬಂದಾಗ ನಿಂತಳು. ಅಲ್ಲಿ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ತಲೆಯವರೆಗೂ ಇಳಿದಿದ್ದ ಒಂದು ಗುಂಡುಸೂಜಿ.

"ರೀ, ಇದು ಯಾವಾಗ ಚುಚ್ಚಿತು?"

"ಯಾವುದು?"

ಬೆಳಿಗ್ಗೆಯಿಂದ ಆ ಕಾಲಲ್ಲೇ ಮಿಷನ್ ತುಳಿದಿದ್ದರು. ಅವಳು ಸೂಜಿ ಕಿತ್ತಳು. ರಕ್ತ ಬಂತು, ಮಾಸ್ತರಿಗೆ ನೋವು ಬರಲಿಲ್ಲ. ಬಂದದ್ದು ಇನ್ನಷ್ಟು ಹೆಮ್ಮೆ.

"ಕಲ್ಲಿನಂಥ ಕಾಲು!"

ಪಕ್ಕದ ಅಂಗಡಿಯ ಇಸ್ತ್ರಿಯವನು ಇಣುಕಿ ನಕ್ಕ. "ಅಣ್ಣಾ, ಅದು ನಿಮ್ಮ ಕಾಲಲ್ಲ, ಮೇಜಿನ ಕಾಲು ಇರಬೇಕು. ಸರಿಯಾಗಿ ನೋಡ್ಕೊಳ್ಳಿ."

ಹೆಂಡತಿ ನಗಲಿಲ್ಲ. ಮಾವನವರೂ ಇದೇ ಮಿಷನ್ ತುಳಿದವರು. ಅವರ ಪಾದಕ್ಕೂ ಹೀಗೇ ಏನೋ ಚುಚ್ಚಿ, ಮಾಗದೆ, ಬೆರಳು ಕಪ್ಪಾಗಿ, ಕೊನೆಗೆ ಪಾದವನ್ನೇ ತೆಗೆದದ್ದು ಅವಳ ಕಣ್ಣೆದುರೇ. ಮಾಸ್ತರಿಗೂ ಅದು ನೆನಪಾಗದೆ ಇರಲಿಲ್ಲ. ಅದಕ್ಕೇ ಅವರು ಇನ್ನೂ ಜೋರಾಗಿ ನಕ್ಕರು.

ಅಷ್ಟರಲ್ಲಿ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಆರೋಗ್ಯ ಕೇಂದ್ರದ ನರ್ಸ್ ಬಂದಳು. ಹೆಂಡತಿ ಕೋಟು ಕೊಡುವ ಮೊದಲು ಗಂಡನ ಕಾಲನ್ನೇ ಎತ್ತಿ ತೋರಿಸಿ, ರಾತ್ರಿ ಏಳುವುದನ್ನೂ ಸೂಜಿಯ ಕಣ್ಣು ಕಾಣದ್ದನ್ನೂ ಹೇಳಿದಳು. ನರ್ಸ್ ಗಾಯ ನೋಡಿದಳು, ಹೂಜಿ ನೋಡಿದಳು, ಪ್ಯಾಂಟಿನ ಸೊಂಟದಲ್ಲಿ ಒಂದರ ಮೇಲೊಂದು ಬಿದ್ದಿದ್ದ ಮೂರು ಹೊಲಿಗೆ ನೋಡಿದಳು.

"ಮಾಸ್ತರೇ, ನೀವು ರಕ್ತದ ಸಕ್ಕರೆ ಯಾವತ್ತಾದ್ರೂ ನೋಡ್ಸಿದ್ದೀರಾ?"

"ನನಗ್ಯಾಕಮ್ಮ? ಟೀಗೆ ಒಂದು ಚಮಚಕ್ಕಿಂತ ಜಾಸ್ತಿ ಹಾಕಿದವನಲ್ಲ."

"ಸಿಹಿ ತಿಂದವರಿಗೆ ಮಾತ್ರ ಬರೋ ಕಾಯಿಲೆ ಅಲ್ಲ ಇದು. ಮನೇಲಿ ಹಿರಿಯರಿಗೆ ಇದ್ರೆ, ದಿನವಿಡೀ ಕೂತು ಕೆಲಸ ಮಾಡಿದ್ರೆ, ಹೊಟ್ಟೆ ಸುತ್ತ ಬೊಜ್ಜು ಬೆಳೆದ್ರೆ ಯಾರಿಗೂ ಬರಬಹುದು. ಎಷ್ಟೋ ಜನಕ್ಕೆ ಒಂದು ಸೂಚನೆಯೂ ಇರಲ್ಲ. ನಿಮಗಾದ್ರೆ ಬಾಯಾರಿಕೆ, ರಾತ್ರಿ ಏಳೋದು, ಇಳಿದ ತೂಕ, ಮಂಜಾದ ಕಣ್ಣು, ಈಗ ಈ ಕಾಲು, ಎಲ್ಲ ಸೇರಿ ಬಾಗಿಲು ಬಡೀತಿವೆ."

"ಮತ್ತೆ... ಬೆರಳಿಗೆ ಚುಚ್ಚೋದೇನಮ್ಮ?" ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಂಡ ಬೆರಳನ್ನು ಮಾಸ್ತರು ಬೆನ್ನ ಹಿಂದೆ ಮರೆಮಾಡಿದರು.

"ಆ ಬೆರಳಲ್ಲಿ ಇನ್ನೊಂದು ಸೂಜಿಗೆ ಜಾಗ ಸಿಕ್ಕಿದ್ರೆ ನನ್ನ ಪುಣ್ಯ" ಎಂದಳು ನರ್ಸ್. "ಒಬ್ಬರಿಗೆ ಒಂದೇ ಸೂಜಿ, ಆಮೇಲೆ ಕಸದ ಡಬ್ಬಿಗೆ. ಈಗ ಗಾಯಕ್ಕೆ ಇಂಜೆಕ್ಷನ್ ಆಗಬೇಕು, ನಡೀರಿ. ಶುಕ್ರವಾರ ಡಾಕ್ಟರು ಇರ್ತಾರೆ, ರಕ್ತ ನೋಡೋಣ. ಗುರುವಾರ ರಾತ್ರಿ ಎಂದಿನ ಹಾಗೇ ಊಟ ಮಾಡಿ. ಆಮೇಲೆ ಎಂಟು ಗಂಟೆಗೂ ಹೆಚ್ಚು ಕಾಲ ಏನೂ ತಿನ್ನಬೇಡಿ. ಬರೀ ನೀರು ಕುಡೀಬಹುದು."

ಎಂದಿನ ಹಾಗೇ ಎಂಬ ಮಾತು ಮಾಸ್ತರ ಕಿವಿಯವರೆಗೆ ಬಂದು ಅಲ್ಲಿಂದಲೇ ಹಿಂದಿರುಗಿತು. ಇಂಜೆಕ್ಷನ್ ತೆಗೆದುಕೊಂಡು ಬಂದವರನ್ನು ಇಸ್ತ್ರಿಯವನು ಬದಿಗೆ ಕರೆದ.

"ಅಣ್ಣಾ, ಪರೀಕ್ಷೆ ಅಂದ್ಮೇಲೆ ತಯಾರಿ ಬೇಡ್ವಾ? ಮೂರು ದಿನ ಬರೀ ಸೌತೆಕಾಯಿ ತಿನ್ನಿ. ಟೀ ಮುಟ್ಟಬೇಡಿ. ಸಕ್ಕರೆ ಅಂದ್ರೆ ಏನು ಅಂತ ನಿಮ್ಮ ರಕ್ತಕ್ಕೇ ಮರೆತುಹೋಗುತ್ತೆ."

"ನಿನಗೆ ಹೇಗೆ ಗೊತ್ತು?"

"ಬುದ್ಧಿ ಇದ್ದವನಿಗೆ ಪರೀಕ್ಷೆ ಮಾಡಿಸಿಯೇ ಗೊತ್ತಾಗಬೇಕಾ?"

ಸೌತೆಕಾಯಿಯ ತಪಸ್ಸು ಆರಂಭವಾಯಿತು. ಬುಧವಾರ ಮಾಸ್ತರು ಗಿರಾಕಿಗಳ ಮೇಲೆ ಸಿಡುಕಿದರು. ಗುರುವಾರ ಒಂದು ಅಂಗಿಗೆ ಎರಡೂ ಎಡತೋಳುಗಳನ್ನೇ ಜೋಡಿಸಿದರು. ಹೆಂಡತಿ ಅದನ್ನು ಬಿಚ್ಚುತ್ತ, "ಕಾಯಿಲೆ ಇದೆಯೋ ಇಲ್ಲವೋ ಗೊತ್ತಿಲ್ಲ, ಪಥ್ಯ ಮಾತ್ರ ಅಂಗಡಿ ಮುಚ್ಚಿಸುತ್ತೆ" ಎಂದಳು.

ಶುಕ್ರವಾರ ಬೆಳಿಗ್ಗೆ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಗಂಡ ಹೆಂಡತಿ ಕುಳಿತರು. ನರ್ಸ್ ಮಾಸ್ತರ ಕೈ ತೊಳೆಸಿದಳು, "ಕೈಗೆ ಸಿಹಿ ಅಂಟಿದ್ರೆ ಯಂತ್ರ ಅದನ್ನೂ ಲೆಕ್ಕ ಹಿಡಿಯುತ್ತೆ" ಎಂದಳು, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿದಳು. ಮಾಸ್ತರು ಕಣ್ಣು ಬಿಗಿಯಾಗಿ ಮುಚ್ಚಿ ಕಾಯುತ್ತಿದ್ದರು.

"ಚುಚ್ಚಮ್ಮ, ಚುಚ್ಚು."

"ಆಯ್ತು, ಕಣ್ಣು ಬಿಡಿ. ನೂರ ಇಪ್ಪತ್ತನಾಲ್ಕು."

"ಪಾಸೋ ಫೇಲೋ?"

"ಖಾಲಿ ಹೊಟ್ಟೇಲಿ ನೂರರ ಒಳಗಿದ್ರೆ ಸರಿ. ನೂರ ಇಪ್ಪತ್ತಾರು, ಅದಕ್ಕಿಂತ ಮೇಲೆ ಬಂದ್ರೆ ಲ್ಯಾಬಲ್ಲಿ ಮತ್ತೆ ನೋಡಿ ಡಾಕ್ಟರು ಖಚಿತ ಮಾಡ್ತಾರೆ. ನಿಮ್ಮದು ನಡುವೆ, ಗಡಿಯ ಈಚೆ."

ಮಾಸ್ತರು ಎದ್ದು ನಿಂತು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡೆಯಾ? ಗಡಿಯ ಈಚೆ!"

"ಮೂರು ದಿನ ಬರೀ ಸೌತೆಕಾಯಿ ತಿಂದವರ ಗಡಿ ಅದು ಸಿಸ್ಟರ್" ಎಂದಳು ಹೆಂಡತಿ.

"ಲೇ!"

ನರ್ಸ್ ಪೆನ್ನು ಕೆಳಗಿಟ್ಟಳು. "ಮಾಸ್ತರೇ, ಒಂದು ಮಾತು ಕೇಳ್ತೀನಿ. ಸೊಂಟದ ಅಳತೆ ತಗೊಳ್ಳುವಾಗ ಗಿರಾಕಿ ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ಏನ್ಮಾಡ್ತೀರಿ?"

"ಮಾಡೋದೇನು, ಬೈತೀನಿ. ಉಸಿರು ಬಿಡ್ರೀ, ಎಳ್ಕೊಂಡ ಹೊಟ್ಟೆಗೆ ಪ್ಯಾಂಟ್ ಹೊಲಿದ್ರೆ ಮನೆಗೆ ಹೋಗಿ ಕೂತ ಕೂಡ್ಲೇ ಹರಿಯುತ್ತೆ, ಆಮೇಲೆ ನನ್ನ ಹೆಸರು..." ಮಾಸ್ತರು ಮತ್ತೆ ಬೆಂಚಿನ ಮೇಲೆ ಕುಳಿತರು.

ಬಲಗಾಲನ್ನು ಮುಂದೆ ಚಾಚಿ ನೋಡುತ್ತ, "ನಮ್ಮಪ್ಪನಿಗೆ ಈ ಕಾಯಿಲೆ ಇದೆ ಅಂತ ಹೇಳಿದ ತಿಂಗಳಲ್ಲೇ ಪಾದ ಹೋಯ್ತಮ್ಮ" ಎಂದರು. "ಹೆಸರು ಹೇಳಿಸ್ಕೊಳ್ಳೋದು ಬೇಡ ಅನ್ನಿಸ್ತು. ಕಾಲಿಲ್ಲದೆ ನಾನು ಮಿಷನ್ ತುಳಿಯೋದು ಹೇಗೆ?"

"ಅವರು ಆಸ್ಪತ್ರೆಗೆ ಹೋದದ್ದು ಯಾವಾಗ?"

"ಬೆರಳು ಕಪ್ಪಾದ ಮೇಲೆ."

"ನೀವು ಕಾಲು ಬೆಳ್ಳಗಿರುವಾಗಲೇ ಬಂದಿದ್ದೀರಿ" ಎಂದಳು ನರ್ಸ್. "ಇವತ್ತೇ ತೋಳಿನಿಂದ ರಕ್ತ ತೆಗೆದು ಮೂರು ತಿಂಗಳ ಸರಾಸರಿ ತೋರಿಸೋ ಪರೀಕ್ಷೆ ಮಾಡೋಣ. ಅದಕ್ಕೆ ಖಾಲಿ ಹೊಟ್ಟೆಯೂ ಬೇಡ. ಮೂರು ದಿನದ ಸೌತೆಕಾಯಿಗೆ ಅದು ಮೋಸ ಹೋಗಲ್ಲ."

ಹೋಗಲೂ ಇಲ್ಲ. ಆ ಪರೀಕ್ಷೆಯಲ್ಲಿ ಶೇಕಡಾ ಆರೂವರೆ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ. ಮಾಸ್ತರದು ಎಂಟೂ ಮುಕ್ಕಾಲು ದಾಟಿತ್ತು. ಮುಂದಿನ ವಾರ ಎಂದಿನ ಹಾಗೆ ಊಟ ಮಾಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತವೂ ಅದನ್ನೇ ಹೇಳಿತು. ಡಾಕ್ಟರು ಅವರ ಕಣ್ಣು ಮುಚ್ಚಿಸಿ ನೈಲಾನ್ ದಾರದಂಥದೊಂದನ್ನು ಅಂಗಾಲಿಗೆ ಮುಟ್ಟಿಸುತ್ತ ಹೋದರು. ನೂಲನ್ನು ಮುಟ್ಟಿಯೇ ಅದರ ಜಾತಿ ಹೇಳುತ್ತಿದ್ದ ಮಾಸ್ತರಿಗೆ ಬಲಗಾಲಿನ ಮೂರು ಕಡೆ ಅದು ಮುಟ್ಟಿದ್ದೇ ಗೊತ್ತಾಗಲಿಲ್ಲ. ಅಂದು ಅವರು ಜೋಕು ಮಾಡಲಿಲ್ಲ.

"ಒಮ್ಮೆ ಮಾತ್ರೆ ಹಿಡಿದ್ರೆ ಸಾಯೋತನಕ ಬಿಡಲ್ಲ ಅಂತಾನೆ ಪಕ್ಕದ ಅಂಗಡಿ ಇಸ್ತ್ರಿಯವನು, ನಿಜವಾ?" ಎಂದಷ್ಟೇ ಕೇಳಿದರು, ಮಾತ್ರೆಯ ಚೀಟಿ ಕೈಗೆ ಬಂದಾಗ.

"ಕೆಲವರಿಗೆ ಆಮೇಲೆ ಕಡಿಮೆ ಮಾಡ್ತೀವಿ, ಕೆಲವರಿಗೆ ಬೇಕೇ ಬೇಕು. ಅದನ್ನ ನಾನು ಹೇಳ್ತೀನಿ, ನಿಮ್ಮ ಪಕ್ಕದ ಅಂಗಡಿಯವರಲ್ಲ" ಎಂದರು ಡಾಕ್ಟರು. "ಉಪವಾಸ ಬೇಡ. ಹೊತ್ತಿಗೆ ಸರಿಯಾಗಿ ಊಟ, ತಟ್ಟೆಯ ಅರ್ಧ ತರಕಾರಿ, ದಿನಾ ಅರ್ಧ ಗಂಟೆ ನಡಿಗೆ. ಬರಿಗಾಲಲ್ಲಿ ಮಿಷನ್ ತುಳಿಯೋದು ನಿಂತಿತು. ಕಣ್ಣನ್ನೂ ಒಮ್ಮೆ ತೋರಿಸಿ."

ನರ್ಸ್ ಒಂದು ಚಿಕ್ಕ ಕನ್ನಡಿ ಹಿಡಿದು ಪಾದ ಪರೀಕ್ಷಿಸುವುದನ್ನು ಹೆಂಡತಿಗೆ ತೋರಿಸಿಕೊಟ್ಟಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ ಅಕ್ಕಾ, ಅಂಗಾಲ ಹುಣ್ಣಿಗೆ ಮಾತ್ರ ಬೇಕೇ ಬೇಕು. ದಿನಾ ನೋಡಿ."

ಹೆಂಡತಿ ತನ್ನ ರಕ್ತವನ್ನೂ ನೋಡಿಸಿಕೊಂಡಳು, ಸರಿಯಾಗಿತ್ತು. ಸುದ್ದಿ ಕೇಳಿ ತಣ್ಣಗಾದ ಇಸ್ತ್ರಿಯವನನ್ನು ಮಾಸ್ತರೇ ರಟ್ಟೆ ಹಿಡಿದು ಕರೆತಂದರು, ಹಿಂದಿನ ರಾತ್ರಿ ಎದುರಿಗೆ ಕೂರಿಸಿಕೊಂಡು ಹೊಟ್ಟೆ ತುಂಬ ಊಟ ಮಾಡಿಸಿಯೇ. ಅವನದು ನೂರ ಹನ್ನೆರಡು. "ಇದು ಎಚ್ಚರಿಕೆಯ ಗಂಟೆ" ಎಂದಳು ನರ್ಸ್. "ಈಗಿಂದಲೇ ತೂಕ ಇಳಿಸಿ, ನಡೆದಾಡಿದ್ರೆ ಹಿಂದಕ್ಕೆ ತರೋ ಸಾಧ್ಯತೆ ಚೆನ್ನಾಗಿದೆ."

"ಕೇಳಿಸ್ಕೋ, ಬುದ್ಧಿವಂತ" ಎಂದರು ಮಾಸ್ತರು. ಈಗ ಇಬ್ಬರೂ ಸಂಜೆ ಜಗಳವಾಡುತ್ತ ಜೊತೆಯಾಗಿ ನಡೆಯುತ್ತಾರೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಮೂವತ್ತು ದಾಟಿದೆಯೇ? ಮನೆಯ ಹಿರಿಯರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತೇ? ಎರಡರಲ್ಲಿ ಒಂದು ನಿಜವಾದರೂ ಸಾಕು, ಮೈಯಲ್ಲಿ ಏನೂ ತೊಂದರೆ ಕಾಣದಿದ್ದರೂ ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಹಿಂದಿನ ರಾತ್ರಿ ಎಂದಿನಂತೆ ಊಟ ಮಾಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕೈ ತೊಳೆದು, ಬೆರಳು ಕೊಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಪಕ್ಕದ ಮನೆಯವರನ್ನೂ ಎಳೆದೊಯ್ಯಿರಿ.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಮಾಸ್ತರ ಸರಾಸರಿ ಏಳಕ್ಕಿಂತ ಕೆಳಗೆ, ಡಾಕ್ಟರು ಇಟ್ಟಿದ್ದ ಗುರಿಯೊಳಗೆ ಬಂದಿತ್ತು. ಹಿಮ್ಮಡಿಯ ಗಾಯ ಮಾಗಿದೆ.