ಚಮಚದ ಡ್ರಾಯರು

ಚಮಚಗಳ ಅಡಿಯಲ್ಲಿ ಹಳದಿ ಜಿಗುಟು ಇತ್ತು. ಅವನು ಬೆರಳಿನಿಂದ ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದ. ನಿಂಬೆಯ ವಾಸನೆ. ಅವನು ಕೆಲಸ ಮಾಡುವ ಕಾರ್ಖಾನೆಯದೇ ಪಾತ್ರೆ ತೊಳೆಯುವ ದ್ರವ, ಅನುಮಾನವಿಲ್ಲ.

ದ್ರವ ತುಂಬಿದ ಚೀಲ ಸೋರುತ್ತಿದೆ ಅನ್ನಿಸಿತು. ಮೂರು ವರ್ಷದಿಂದ ಅವನು ಆ ಚೀಲದ ಹಿಂದೆ ಬಿದ್ದಿದ್ದ. ಬಾಟಲಿಯ ಬದಲು ತೆಳ್ಳನೆಯ ಚೀಲ. ಒಂದು ಮೂಲೆ ಹರಿದು, ಮನೆಯಲ್ಲಿರುವ ಹಳೆಯ ಬಾಟಲಿಗೇ ಮತ್ತೆ ಮತ್ತೆ ತುಂಬಿಕೊಳ್ಳಬಹುದು. ಪ್ಲಾಸ್ಟಿಕ್ ಕಾಲು ಭಾಗಕ್ಕೆ ಇಳಿಯುತ್ತಿತ್ತು. ನಾಳೆ ಬೆಳಗಿನ ಸಭೆ ಒಪ್ಪಿದರೆ ಬಾಟಲಿ ತಯಾರಿಸುವುದೇ ನಿಲ್ಲುತ್ತದೆ. ಇವತ್ತು ನೋಡಿದರೆ ಇದು.

"ಇದು ಇಲ್ಲಿಗೆ ಹೇಗೆ ಬಂತು?"

ಹೆಂಡತಿ ಒಲೆಯ ಕಡೆಯಿಂದ ತಿರುಗಲಿಲ್ಲ. "ಸೌಟು ಸರಿಯಾಗಿ ತೊಳೆದಿರಲಿಲ್ವೇನೋ. ಎಲ್ಲದಕ್ಕೂ ಭೂತಗನ್ನಡಿ ಹಿಡೀಬೇಡಿ."

ಅವನು ಕೇಳಲಿಲ್ಲ. ಕಪಾಟಿನಲ್ಲಿದ್ದ ಚೀಲಗಳನ್ನು ತಂದು, ಒಂದೊಂದನ್ನೇ ಬಕೆಟ್ಟಿನ ನೀರಿನಲ್ಲಿ ಅದುಮಿ ಹಿಡಿದು ಗುಳ್ಳೆ ಬರುತ್ತದೆಯೇ ಎಂದು ಕಾದ. ಗುಳ್ಳೆ ಬರಲಿಲ್ಲ. ಒರೆಸಿ, ಕಾಗದದ ಮೇಲೆ ಮಲಗಿಸಿ, ಮೇಲೆ ಹಿಟ್ಟಿನ ಡಬ್ಬಿ ಹೇರಿದ. ಕಾಗದ ಒಣಗಿಯೇ ಇತ್ತು.

"ಸವತಿಗೆ ಸ್ನಾನ ಆಯ್ತಾ?" ಎಂದಳು ಅವಳು. "ಆಗಿದ್ರೆ ಬನ್ನಿ, ಊಟ ಆರ್ತಿದೆ."

ಆ ಚೀಲಕ್ಕೆ ಅವಳಿಟ್ಟ ಹೆಸರು ಅದು. ಪಾರ್ಶ್ವವಾಯು ಹೊಡೆದು ಅವಳ ಬಲಗೈ ಬಿದ್ದುಹೋಗುವ ಮೊದಲೇ ಇಟ್ಟಿದ್ದು. ಆಗ ಅವಳು ಹೊಲಿಗೆ ಟೀಚರು. ಎದುರಿಗೆ ಬಂದವರ ಭುಜದ ಅಳತೆಯನ್ನು ಕಣ್ಣಲ್ಲೇ ಹೇಳುತ್ತಿದ್ದಳು. ಈಗ ಬಲಗೈಯನ್ನು ಎಡಗೈಯೇ ಎತ್ತಿ ಮಡಿಲಲ್ಲಿ ಇಡಬೇಕು. ಆದರೂ ಅಡುಗೆಮನೆಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನೌಕರರ ಮನೆಗಳಲ್ಲಿ ಚೀಲವನ್ನು ಬಳಸಿ ನೋಡಬೇಕೆಂದು ಕಂಪನಿ ಹೇಳಿದಾಗ ಅವನು ಮೊದಲ ಚೀಲವನ್ನು ಅವಳಿಗೇ ತಂದುಕೊಟ್ಟಿದ್ದ. ಮರುದಿನ ಆಫೀಸಿನಿಂದಲೇ ಫೋನ್ ಮಾಡಿ ಕೇಳಿದ್ದ, ತೆರೆಯೋಕೆ ಕಷ್ಟ ಆಯ್ತಾ ಎಂದು. "ಸಲೀಸು," ಎಂದಿದ್ದಳು. "ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ."

ಆ ಮಾತನ್ನು ಅವನು ಹಿಂದಿನ ಸಭೆಯೊಂದರಲ್ಲಿ ಹೇಳಿದ. ನಿರ್ದೇಶಕರು ಚಪ್ಪಾಳೆ ತಟ್ಟಿದರು. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗ ನೋಡಿಕೊಳ್ಳುವ ಹಸಿರು ಮೇಡಂ (ಉಡುವುದೆಲ್ಲ ಬೂದು ಬಣ್ಣವಾದರೂ ಎಲ್ಲರೂ ಕರೆಯುವುದು ಹಾಗೆಯೇ) ಅದನ್ನು ವರ್ಷದ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದರು: ಒಂದೇ ಕೈಯಲ್ಲಿ ತೆರೆಯಬಹುದಾದ ಚೀಲ. ಪ್ರಯೋಗಾಲಯದಲ್ಲಿ ಚೀಲದ ಹಾಳೆಯನ್ನು ಹರಿದು ನೋಡುವ ಯಂತ್ರಕ್ಕೆ ಎರಡು ಹಿಡಿಕೆಗಳಿದ್ದವು, ಒಂದು ಹಿಡಿದುಕೊಳ್ಳಲು, ಒಂದು ಎಳೆಯಲು. ಅದು ದಿನವೂ ಅವನ ಕಣ್ಣೆದುರಿಗೇ ಇತ್ತು.

ಊಟವಾದ ಮೇಲೆ ಅವನು ಹೊರಗಿನ ಕೋಣೆಯಲ್ಲಿ ನಾಳೆಯ ಮಾತನ್ನು ಜೋಡಿಸಿಕೊಳ್ಳುತ್ತ ಕೂತ. ಅಡುಗೆಮನೆಯಲ್ಲಿ ಖಾಲಿ ಬಾಟಲಿ ಸಿಂಕಿನೊಳಗೆ ಉರುಳಿದ ಸದ್ದು. ಆಮೇಲೆ ಡ್ರಾಯರು ಎಳೆದ ಸದ್ದು, ಧಡ್ಡೆಂದು ಮುಚ್ಚಿದ ಸದ್ದು. ಮತ್ತೆ ಎಳೆದದ್ದು, ಮತ್ತೆ ಮುಚ್ಚಿದ್ದು. ಪಾತ್ರೆ ತೊಳೆಯುವಾಗ ಚಮಚದ ಡ್ರಾಯರು ಯಾಕೆ ಬೇಕು? ಅವನು ಎದ್ದು ಬಾಗಿಲ ತನಕ ಹೋದ.

ಅವಳು ಚೀಲದ ಅಂಚನ್ನು ಡ್ರಾಯರಿನ ಬಾಯಿಗೆ ಸಿಕ್ಕಿಸಿ, ಸೊಂಟದಿಂದ ಡ್ರಾಯರನ್ನು ಒತ್ತಿ ಹಿಡಿದು, ಎಡಗೈಯಿಂದ ಮೂಲೆಯನ್ನು ಎಳೆಯುತ್ತಿದ್ದಳು. ತುಟಿ ಕಚ್ಚಿದ್ದಳು. ಚೀಲ ಜಾರಿತು. ಇನ್ನೊಮ್ಮೆ ಸಿಕ್ಕಿಸಿ, ಮೈಯ ಭಾರವನ್ನೆಲ್ಲ ಸೊಂಟಕ್ಕೆ ಬಿಟ್ಟು ಎಳೆದಾಗ ಹರಿಯಿತು. ಒಂದಿಷ್ಟು ದ್ರವ ಚಿಮ್ಮಿ ಚಮಚಗಳ ಮೇಲೆ ಬಿತ್ತು. ಒರೆಸುವ ಬಟ್ಟೆಗೆ ತಿರುಗಿದವಳು ಅವನನ್ನು ಕಂಡಳು.

"ಕತ್ತರಿ ಇತ್ತಲ್ಲ," ಎಂದ ಅವನು.

"ಎಡಗೈಗೆ ಕತ್ತರಿ ಬಗ್ಗಲ್ಲ ರೀ. ಜೀವಮಾನ ಪೂರ್ತಿ ಕತ್ತರಿ ಹಿಡಿದವಳಿಗೆ ಹೇಳ್ತೀರಾ?"

"ನೀನು ಸಲೀಸು ಅಂದಿದ್ದೆ."

"ಅಂದಿದ್ದೆ." ಅವಳು ಚೀಲವನ್ನು ಬಾಟಲಿಗೆ ಬಗ್ಗಿಸಿದಳು. ಹಳದಿ ಎಳೆ ನಿಧಾನವಾಗಿ ಇಳಿಯಿತು. "ನಾನು ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಮುಖದಲ್ಲಿ ನಗು ಅಂತ ಕಂಡಿದ್ದೇ ಅವತ್ತು. ಚೀಲ ಹಿಡ್ಕೊಂಡು ಹುಡುಗನ ಥರ ಬಂದ್ರಿ. ಅಂಥ ಹೊತ್ತಲ್ಲಿ ಆಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವನು ಅಲ್ಲೇ ನಿಂತು ಹಸಿರು ಮೇಡಂಗೆ ಫೋನ್ ಮಾಡಿದ. ಒಂದೇ ಕೈಯ ಆ ಸಾಲನ್ನು ತೆಗೆಯಬೇಕು ಎಂದ.

"ವರದಿ ಅಚ್ಚಾಗಿ ಬಂದು ಕೂತಿದೆ ಕಣ್ರೀ," ಎಂದರು ಮೇಡಂ. "ನಿಮ್ಮ ಮನೆಯವರೇ ಹೇಳಿದ್ದು ಅಂದಿದ್ರಿ."

"ಅವಳು ಹೇಳಿದ್ದು ನನಗೋಸ್ಕರ ಮೇಡಂ. ನಾನು ಕೇಳಿದೆ, ಕಣ್ಣಾರೆ ನೋಡಲಿಲ್ಲ. ಚೀಲ ಹಿಡ್ಕೊಳ್ಳೋಕೆ ಏನಾದ್ರೂ ದಾರಿ ಹುಡುಕೋ ತನಕ ಬಾಟಲಿ ನಿಲ್ಲಿಸೋದು ಬೇಡ."

"ನಿಮ್ಮ ಚೀಲವನ್ನ ನೀವೇ ತಡೀತಿದ್ದೀರಿ, ಗೊತ್ತಾಯ್ತಾ? ಮತ್ತೆ ಯಾವಾಗ ಸಭೆಗೆ ಬರುತ್ತೋ, ಬರುತ್ತೋ ಇಲ್ವೋ." ಉಸಿರು ಬಿಟ್ಟರು. "ನಾಳೆ ಹೇಳೋದಾದ್ರೆ ನೀವೇ ಹೇಳಿ. ಬರೀ ಮಾತಾದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಏನಾದ್ರೂ ತೋರಿಸಿ."

ಅವನು ಫೋನ್ ಕೆಳಗಿಡುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. "ಹೆಂಡತಿಯಿಂದ ನಿಂತು ಹೋಯ್ತು ಅಂತಾರೆ. ಬೇಡ ರೀ. ಎಷ್ಟು ಪ್ಲಾಸ್ಟಿಕ್ ಉಳಿಯುತ್ತೆ ಅಂತ ನೀವೇ ಹೇಳ್ತಿದ್ರಿ. ನನ್ನೊಬ್ಬಳ ಕೈ ಏನು ಮಹಾ."

"ಒಬ್ಬಳದೇನಾ?" ಎಂದ ಅವನು.

ಅವಳು ಬಟ್ಟೆ ತೆಗೆದುಕೊಂಡು ಡ್ರಾಯರು ಒರೆಸಲು ಬಾಗಿದಳು. ಅವನೂ ಬಾಗಿ ನೋಡಿದ. ಬಟ್ಟೆ ತಲುಪದ ಮೂಲೆಯಲ್ಲಿ, ಒಣಗಿದ ಪದರದ ಮೇಲೆ ಇನ್ನೊಂದು ಪದರ, ಅದರ ಮೇಲೆ ಇವತ್ತಿನ ಹಸಿ. ಮರದ ಬುಡದ ಉಂಗುರಗಳ ಹಾಗೆ ತಿಂಗಳುಗಟ್ಟಲೆಯ ಲೆಕ್ಕ ಅಲ್ಲಿ ಕೂತಿತ್ತು. ಅವಳ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡ.

"ಒರೆಸಬೇಡ."

ಬೆಳಿಗ್ಗೆ ಇಬ್ಬರೂ ಸೇರಿ ಚಮಚ, ಸೌಟುಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಅವನು ಡ್ರಾಯರನ್ನು ಪೂರ್ತಿ ಹೊರಗೆಳೆದ. ಅವಳು ಹಳೆಯ ದುಪ್ಪಟಿಯನ್ನು ಸುತ್ತಿದಳು. ಗಂಟಿಗೆ ಒಂದು ತುದಿಯನ್ನು ಅವನು ಹಿಡಿದುಕೊಂಡ, ಇನ್ನೊಂದನ್ನು ಅವಳು ಎಳೆದಳು.

"ಬೇರೆಯವರ ಗಂಡಂದಿರು ಊಟದ ಡಬ್ಬಿ ತಗೊಂಡು ಹೋಗ್ತಾರೆ," ಎಂದಳು.

"ಸಂಜೆ ವಾಪಸ್ ತರ್ತೀನಿ."

"ಸವತೀನೂ ಕರ್ಕೊಂಡು ಬನ್ನಿ. ಪಾಪ, ಅವಳದೇನು ತಪ್ಪು."

ಗೇಟಿನಲ್ಲಿ ಕಾವಲುಗಾರ ಗಂಟನ್ನು ನೋಡಿದ. "ಏನ್ ಸಾರ್, ಮನೇನೇ ಬಿಚ್ಕೊಂಡು ಬಂದ್ರಾ?"

"ಉಳಿದಿದ್ದು ನಾಳೆ," ಎಂದು ಅವನು ಒಳಗೆ ನಡೆದ.

ಮೆಟ್ಟಿಲು ಹತ್ತುವಾಗ ದುಪ್ಪಟಿಯೊಳಗೆ ಏನೋ ಟಣ್ ಟಣ್ ಎಂದಿತು. ಹಿಂದಿನ ಮೂಲೆಯ ಜಿಗುಟಿನಲ್ಲಿ ಅಂಟಿದ್ದ ಪುಟ್ಟ ಚಮಚವೊಂದು ಬಿಟ್ಟುಕೊಂಡಿರಬೇಕು. ಸಭೆಯ ಕೋಣೆಯ ಗಾಜಿನ ಬಾಗಿಲು ಮುಚ್ಚಿತ್ತು. ಒಳಗೆ ಹಸಿರು ಮೇಡಂನ ಬೂದು ಬೆನ್ನು ಕಂಡಿತು, ಮೇಜಿನ ಮೇಲೆ ಹೊಸ ವರದಿಗಳ ಕಟ್ಟು. ಅವನು ಹಿಡಿಕೆಯತ್ತ ನೋಡಿದ. ಎರಡೂ ಕೈಗಳಲ್ಲಿ ಡ್ರಾಯರಿತ್ತು.

ಕೆಳಗಿಡಬಹುದಿತ್ತು. ಅವನು ಇಡಲಿಲ್ಲ. ಪಕ್ಕಕ್ಕೆ ತಿರುಗಿ, ಮೈಯ ಭಾರವನ್ನು ಸೊಂಟಕ್ಕೆ ಬಿಟ್ಟು, ಬಾಗಿಲನ್ನು ಒತ್ತಿದ.