ಹಿಡಿಕೆ ಇರುವ ಕಡೆ

೧

ಎಲ್ಲಿಂದ ಶುರು ಮಾಡಲಿ? ಬಸವಕಲ್ಯಾಣದ ಕಥೆ ಎಂದರೆ ಹನ್ನೆರಡನೇ ಶತಮಾನದಿಂದಲೇ ಹೊರಡಬೇಕು ಎಂಬುದೊಂದು ಅಲಿಖಿತ ಕಾನೂನು ನಮ್ಮಲ್ಲಿದೆ. ಕೋಟೆ ಬರಬೇಕು, ಶರಣರು ಬರಬೇಕು, ಕೊನೆಗೆ ಕಥಾನಾಯಕ ಒಂದು ನಿಟ್ಟುಸಿರು ಬಿಡಬೇಕು. ನನ್ನ ಹತ್ತಿರ ಇರುವ ಸಾಮಾನು ಇಷ್ಟೇ: ಒಂದು ಅಡುಗೆಮನೆ, ಅದರ ಗೋಡೆಯಲ್ಲೊಂದು ಕಬ್ಬಿಣದ ಕಿಟಕಿ, ಅದರಿಂದ ಕಿತ್ತು ಬಂದ ಹಿಡಿಕೆ. ಇಷ್ಟರ ಮೇಲೆ ಶತಮಾನಗಳ ಭಾರ ಹೇರಲು ಮನಸ್ಸಾಗಲಿಲ್ಲ.

"ಕಿಟಕಿಯೆಂದರೆ ಮನೆಯ ಕಣ್ಣು" ಎಂದು ಒಂದು ಸಾಲು ಬರೆದೆ. ಓದಿ ನನಗೇ ನಾಚಿಕೆಯಾಯಿತು, ಹೊಡೆದು ಹಾಕಿದೆ. (ನೀವು ಅದನ್ನು ಓದಿಲ್ಲ ಎಂದುಕೊಳ್ಳಿ.)

೧ (ಇನ್ನೊಮ್ಮೆ)

ಸುಮನಬಾಯಿ ಕಿಟಕಿಯ ಹಿಡಿಕೆ ತಿರುವಿದಳು. ಅದು ಕೈಗೇ ಬಂತು.

ಇದು ಪರವಾಗಿಲ್ಲ. ಸುಮನಬಾಯಿ ಯಾರು ಎಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಕೋಟೆ ಕಡೆಯ ಓಣಿಯಲ್ಲಿ ಅರ್ಧ ಮನೆಯ ಒಡತಿ, ವಯಸ್ಸು ಐವತ್ತರ ಆಚೆ. ಗಂಡ ಮಡೆಪ್ಪ ಕುರಿ ಕಾಯುವವನು. ಸುಗ್ಗಿ ಮುಗಿದೊಡನೆ ಹಿಂಡು ಹೊಡೆದುಕೊಂಡು ಹೊರಟರೆ ಮುಡಬಿ, ಅದರಾಚೆಯ ಊರು, ಅದರಾಚೆಯ ಹೊಲ ಎಂದು ತಿರುಗಿ ಮಳೆ ಬಿದ್ದ ಮೇಲೆಯೇ ಮನೆ ಕಾಣುವವನು. ಒಬ್ಬಳೇ ಮಗಳು ಮದುವೆಯಾಗಿ ಕೊಹಿನೂರ ಎಂಬ ಹಳ್ಳಿಯಲ್ಲಿದ್ದಾಳೆ. ಉಳಿದರ್ಧ ಮನೆ ಮೈದುನ ಕಲ್ಲಿನಾಥ ಮತ್ತು ಅವನ ಹೆಂಡತಿ ದೀಪಾಲಿಯದು. ಅವರೀಗ ಅಲ್ಲಿಲ್ಲ. ಕಲ್ಲಿನಾಥನಿಗೆ ಹುಮನಾಬಾದಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕು, ಅಲ್ಲೇ ಮನೆ ಕಟ್ಟಿಕೊಂಡು ಹೋಗಿದ್ದಾರೆ.

ಕಿಟಕಿ ಇರುವುದು ಎರಡು ಅಡುಗೆಮನೆಗಳ ನಡುವಿನ ಗೋಡೆಯಲ್ಲಿ. ಮನೆ ಪಾಲಾದಾಗ ಅಲ್ಲಿದ್ದ ಬಾಗಿಲನ್ನು ಮುಚ್ಚಿದರು. ಓರಗಿತ್ತಿಯರಿಬ್ಬರೂ ಹಟ ಹಿಡಿದದ್ದಕ್ಕೆ ಒಂದು ಕಿಟಕಿ ಉಳಿಸಿದರು. ಹಿಡಿಕೆ ಯಾವ ಕಡೆ ಕೂಡಿಸಲಿ ಎಂದು ಗೋಡೆ ಕಟ್ಟುತ್ತಿದ್ದ ಗೌಂಡಿ ಕೇಳಿದಾಗ ಅತ್ತೆ ಪಾರ್ವತಿಬಾಯಿ, "ಹಿರೀ ಸೊಸಿ ಕಡಿ ಇಡಪಾ" ಅಂದಳಂತೆ. ಅಂದಿನಿಂದ ದೀಪಾಲಿ ಆ ಕಡೆಯಿಂದ ಬಡಿಯಬೇಕು, ಸುಮನಬಾಯಿ ಈ ಕಡೆಯಿಂದ ತೆಗೆಯಬೇಕು. ಪಲ್ಯ, ಚಹಾಪುಡಿ, ಸಿಟ್ಟು, ಕೂಸು, ಎಲ್ಲ ಅದರೊಳಗಿಂದಲೇ ಹಾದುಹೋದವು. (ಕೂಸಿನ ಮಾತು ಸುಳ್ಳಲ್ಲ. ದೀಪಾಲಿಯ ಮಗಳು ನಡೆಯಲು ಕಲಿಯುವ ಮುಂಚೆ ದೊಡ್ಡವ್ವನ ಮನೆಗೆ ಕಿಟಕಿಯಿಂದಲೇ ಬರುತ್ತಿದ್ದಳು.)

೨

"ಇಷ್ಟು ಸಣ್ಣ ವಿಷಯಕ್ಕೆ ಕಥೆ ಯಾಕೆ, ಒಂದು ಹೊಸ ಹಿಡಿಕೆ ಹಾಕಿಸಿದರೆ ಆಯಿತಲ್ಲ" ಎಂದು ನೀವು ಕೇಳುತ್ತೀರಿ. ಕೇಳಿ. ಲೇಖಕನನ್ನು ಯಾರಾದರೂ ಏನಾದರೂ ಕೇಳಿದರೆ ಅವನಿಗೆ ಖುಷಿಯೇ.

ಸಂಗತಿ ಹೀಗಿದೆ. ಖಾಲಿ ಬಿದ್ದಿದ್ದ ದೀಪಾಲಿಯ ಪಾಲಿನ ಅರ್ಧ ಮನೆಯನ್ನು ಈಗ ಬಾಡಿಗೆಗೆ ಕೊಡುತ್ತಿದ್ದಾರೆ. ಅಡುಗೆಮನೆಯಲ್ಲಿ ಇನ್ನೊಬ್ಬರ ಮನೆಯ ಕಿಟಕಿ ಯಾಕೆ, ಅದನ್ನು ಇಟ್ಟಂಗಿ ಇಟ್ಟು ಮುಚ್ಚಿಸಿ ಕೊಡಿ ಎಂದು ಬಾಡಿಗೆಗೆ ಬರುವವರು ಕೇಳಿದ್ದಾರೆ. ಬರುವ ಭಾನುವಾರ ದೀಪಾಲಿ ಬಂದು, ಉಳಿದ ಪಾತ್ರೆ ಪಗಡ ತೆಗೆದುಕೊಂಡು ಹೋಗುತ್ತಾಳೆ. ಸೋಮವಾರ ಗೌಂಡಿ. ಮಡೆಪ್ಪ ಯಾವುದೋ ಹೊಲದಿಂದ ಫೋನು ಮಾಡಿ ಇಷ್ಟನ್ನೂ ಹೆಂಡತಿಗೆ ಹೇಳಿ, ಕುರಿ ಬೇರೆಯವರ ಬೆಳೆಗೆ ಬಿತ್ತೆಂದು ಫೋನಿಟ್ಟ.

ಅಂದರೆ ಆ ಕಡೆಯಿಂದ ಬಡಿಯುವುದಿದ್ದರೆ ಭಾನುವಾರ ಬಡಿಯಬೇಕು. ಈ ಕಡೆಯಿಂದ ತೆಗೆಯುವುದಿದ್ದರೆ ಭಾನುವಾರ ತೆಗೆಯಬೇಕು. ಹಿಡಿಕೆ ಇಲ್ಲದ ಕಿಟಕಿ ತೆಗೆಯಲು ಬರುವುದಿಲ್ಲ. ಇನ್ನು, ಓರಗಿತ್ತಿಯರಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಯಿತು ಎಂಬುದನ್ನು ಹೇಳುವುದನ್ನೇ ಮರೆತಿದ್ದೆ.

೩

(ಈ ಭಾಗವನ್ನು ಬರೆಯಬೇಡಿ ಎಂದು ಸುಮನಬಾಯಿ ಹೇಳಿದ್ದಾಳೆ. ಬರೆಯುತ್ತಿದ್ದೇನೆ.)

ಹುಮನಾಬಾದಿನ ಮನೆಯ ವಾಸ್ತುಶಾಂತಿಗೆ ದೀಪಾಲಿ ತಟ್ಟೆ ಹಿಡಿದು ಓಣಿಯ ಪ್ರತಿ ಮನೆಗೂ ಹೋಗಿ ಹೆಂಗಸರಿಗೆ ಕುಂಕುಮ ಹಚ್ಚಿ ಕರೆದಳು. ಸುಮನಬಾಯಿಗೆ ಹಚ್ಚಲಿಲ್ಲ. ಕಿಟಕಿ ಬಡಿದು, "ಅಕ್ಕಾ, ಸೋಮವಾರ ಅದ ನೋಡು" ಅಂದಳು. ಅಷ್ಟೇ. ಸುಮನಬಾಯಿ ಹೋಗಲಿಲ್ಲ.

"ಹ್ಯಾಂಗ ಹೋಗ್ಬೇಕು, ನೀವೇ ಹೇಳ್ರಿ ಸರಾ," ಎಂದು ಸುಮನಬಾಯಿ ನನ್ನ ಮೇಲೆಯೇ ಬಂದಳು. "ಓಣ್ಯಾಗಿನ ಲಾಲಪ್ಪನ ಹೇಣ್ತಿಗಿ ಕುಂಕುಮ ಹಚ್ಯಾಳ, ನಂಗ ಖಿಡಕಿ ಬಡದು ಹೇಳ್ಯಾಳ. ಪಾಲಾಗಿ ಬ್ಯಾರೆ ಮನಿ ಆಗ್ಯಾದೋ ಇಲ್ಲೋ? ಬ್ಯಾರೆ ಮನಿಯವರಿಗಿ ಕುಂಕುಮ ಹಚ್ಚಿ ಕರೀಬೇಕೋ ಬ್ಯಾಡೋ? ಅವತ್ತಿನಿಂದ ನಾ ಆ ಖಿಡಕಿ ಮುಟ್ಟಿಲ್ಲ."

ದೀಪಾಲಿಯನ್ನೂ ಕೇಳಬೇಕಲ್ಲ, ಕೇಳಿದೆ.

"ಮನಿ ಮಂದಿಗಿ ಯಾರರ ಕುಂಕುಮ ಹಚ್ಚಿ ಕರೀತಾರೇನ್ರಿ?" ಅಂದಳು. "ಪಾಲು ಗ್ವಾಡಿಗಿ ಆಗ್ಯಾದ. ನಾವು ಒಂದೇ ಮನ್ಯಾಗಿನವ್ರು. ಅಕ್ಕ ನನ್ನ ಜೋಡಿ ತಟ್ಟಿ ಹಿಡ್ಕೊಂಡು ಕರೀಲಿಕ್ಕ ಬರಬೇಕಾಗಿತ್ತು. ಬಾಗಿಲಾಗ ನಿಂತು ಬಂದವರಿಗಿ ಬರ್ರಿ ಅನ್ನಬೇಕಾದಾಕಿ ಅಕಿ. ಅಕಿನೇ ಬರ್ಲಿಲ್ಲ. ಬಂದವರೆಲ್ಲ ನಿಮ್ಮ ಅಕ್ಕ ಎಲ್ಲಿ, ನಿಮ್ಮ ಅಕ್ಕ ಎಲ್ಲಿ ಅಂತ ಕೇಳಾಕತ್ತಿದ್ರು. ನಾ ಏನು ಹೇಳ್ಲಿ?"

ಇಬ್ಬರದೂ ಸರಿ. ಇದು ಕಥೆಗಾರನಿಗೆ ಬರುವ ದೊಡ್ಡ ಪೀಡೆ. ಒಬ್ಬರಾದರೂ ತಪ್ಪಿದ್ದಿದ್ದರೆ ಎರಡು ಪುಟದಲ್ಲಿ ಮುಗಿಸಿ ಮಲಗಬಹುದಿತ್ತು. ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ನಾನೇ ದಾಟಿಸಿಬಿಡೋಣ ಎಂದು ನೋಡಿದೆ. "ಅಕಿಗಿ ಬಾಯಿ ಇಲ್ಲೇನು? ನೀವ್ಯಾರ್ರಿ ನಡಕ?" ಎಂದು ಇಬ್ಬರೂ ಬೇರೆ ಬೇರೆ ದಿನ ಒಂದೇ ಮಾತು ಹೇಳಿದರು.

೪

ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಗೆ ಬಾಯಿಮಾತಿನಲ್ಲಿ ಹೋಗುವ ಪದ್ಧತಿಯಿಲ್ಲ. ಮುರಿದ ತುಂಡನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ, ಗಲ್ಲೆಯ ಮೇಜಿನ ಮೇಲೆ ಬಿಚ್ಚಿಟ್ಟು, "ಇಂಥಾದ್ದೇ ಕೊಡ್ರಿ" ಅನ್ನಬೇಕು. ಸುಮನಬಾಯಿಯೂ ಕರವಸ್ತ್ರ ಬಿಚ್ಚಿದಳು.

"ಈ ಮಾಲು ಬರೋದು ಬಂದ್ ಆಗ್ಯಾದ ಅಕ್ಕಾ," ಅಂದ ಅಂಗಡಿಯ ಇರ್ಫಾನ. "ಈಗೆಲ್ಲ ಸ್ಲೈಡಿಂಗ್. ಹುಮನಾಬಾದಿಗಿ ಹೋಗ್ರಿ. ಕೆಡವಿದ ಮನಿಗಳ ಬಾಗಿಲಾ, ಖಿಡಕಿ ಮಾರೋ ದುಕಾನ ಅದ ಅಲ್ಲಿ. ನಸೀಬು ಇದ್ರ ಸಿಗ್ತದ."

ಹುಮನಾಬಾದು ಎಂಬ ಹೆಸರು ಕೇಳಿ ಅವಳು ಕರವಸ್ತ್ರ ಮಡಚಲು ಶುರು ಮಾಡಿದಳು. ಆಗ ಪಕ್ಕದಲ್ಲಿದ್ದ ನಾನು ಹಿಡಿಕೆಯನ್ನು ಸರಿಯಾಗಿ ನೋಡಿದೆ. ಮೂರು ವರ್ಷ ಮುಟ್ಟದ ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕು. ಇದು ಹೆಬ್ಬೆರಳು ಕೂರುವ ಜಾಗದಲ್ಲಿ ಫಳಫಳ ಹೊಳೆಯುತ್ತಿತ್ತು.

"ಅಕ್ಕಾರ, ನೀವು ಕಿಟಕಿ ಮುಟ್ಟಿಲ್ಲ ಅಂದಿದ್ರಿ."

ಅವಳು ಅಂಗಡಿಯಿಂದ ಇಳಿದು, ಓಣಿಯ ತಿರುವಿನವರೆಗೂ ಮುಂದೆ ಮುಂದೆ ನಡೆದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

"ತೆಗೀತಿದ್ದೆ. ಮುಂಜಾನಿ ಚಾ ಇಟ್ಟಾಗ. ಆ ಕಡಿ ಯಾರೂ ಇಲ್ಲಂತ ನಂಗೂ ಗೊತ್ತದ. ಅಕಿ ಒಲಿ ಕಟ್ಟಿ ಕಡಿ ಒಂದೀಟು ನೋಡಿ ಹಾಕ್ತಿದ್ದೆ. ಮನ್ಯಾಗ ಒಂದು ಮಾತು ಆಡ್ಲಾಕ ಯಾರಿಲ್ಲ ಸರಾ. ಇದು ದೀಪಾಲಿಗಿ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. (ನಿಮಗೆ ಹೇಳಿದ್ದು ಲೆಕ್ಕಕ್ಕಿಲ್ಲ. ನೀವು ಹುಮನಾಬಾದಿನವರಲ್ಲ ಎಂದು ನಂಬಿದ್ದೇನೆ.)

೬ (೫ನ್ನು ಹರಿದು ಹಾಕಿದೆ)

ಐದನೆಯ ಭಾಗದಲ್ಲಿ ಸುಮನಬಾಯಿ ಹುಮನಾಬಾದಿನ ಬಸ್ ಇಳಿದ ಕೂಡಲೇ ಎದುರಿಗೆ ದೀಪಾಲಿ ಮೆಂತ್ಯಪಲ್ಯ ಚೌಕಾಸಿ ಮಾಡುತ್ತ ನಿಂತಿದ್ದಳು. ನೀವು ಒಪ್ಪುತ್ತಿದ್ದಿರಾ? ನಾನೂ ಒಪ್ಪಲಿಲ್ಲ. ಹುಮನಾಬಾದು ಅಷ್ಟು ಸಣ್ಣ ಊರೇನಲ್ಲ.

ಹಾಗಾಗಿ ನ್ಯಾಯವಾಗಿ ನಡೆದದ್ದನ್ನು ಬರೆಯುತ್ತೇನೆ. ಹುಮನಾಬಾದಿಗೆ ಹೋದದ್ದು ಮಾತ್ರ ನಿಜ. ಹಳೆ ಸಾಮಾನಿನ ಅಂಗಡಿಯಲ್ಲಿ ಯಾರದೋ ಕೆಡವಿದ ಮನೆಯ ಕಿಟಕಿಗಳು ಗೋಡೆಗೆ ಒರಗಿ ನಿಂತಿದ್ದವು. ಹುಡುಕಿ ಹುಡುಕಿ ಒಂದರಿಂದ ಹಿಡಿಕೆ ಬಿಚ್ಚಿಸಿಕೊಂಡಳು. ಎಡಗಡೆಯ ಕದದ್ದು, ತಿರುವಿದರೆ ಉಲ್ಟಾ ತಿರುಗುತ್ತದೆ. ನಡೆಯುತ್ತದೆ ಅಂದಳು. ಬಸ್ ಸ್ಟ್ಯಾಂಡಿಗೆ ವಾಪಸು ಬರುವ ದಾರಿಯಲ್ಲಿ ದೀಪಾಲಿಯ ಮನೆಯಿರುವ ಓಣಿ. ಸುಮನಬಾಯಿ ಅಲ್ಲಿ ನಿಂತಳು. ನಾನು ಅವಕಾಶ ಬಿಡಲಿಲ್ಲ, ಬರೆದೇಬಿಟ್ಟೆ: ಅವಳು ಬಾಗಿಲು ತಟ್ಟಿದಳು.

"ತಟ್ಟಿಲ್ಲ. ಹೊಡದು ಹಾಕ್ರಿ," ಅಂದಳು ಸುಮನಬಾಯಿ.

"ಇಲ್ಲೀತನಕ ಬಂದೀರಿ ಅಕ್ಕಾರ. ನಾಕು ಹೆಜ್ಜಿ."

"ಹೊಸಾ ಮನಿಗಿ ಮೊದಲನೇ ಸಲ ಬರಿಗೈಲೆ ಹೋಗ್ತಾರೇನ್ರಿ? ಉಡಿ ತುಂಬ್ಲಾಕ ಒಂದು ಕುಬಸ ಇಲ್ಲ, ತೆಂಗಿನಕಾಯಿ ಇಲ್ಲ. ಕೈಯಾಗ ಲೋಖಂಡದ ತುಕಡಿ ಹಿಡ್ಕೊಂಡು ನಿಂದರ್ಲೇನು?"

ಬಜಾರು ಅಲ್ಲೇ ಇತ್ತು. ಕುಬಸದ ಬಟ್ಟೆಯ ಅಂಗಡಿಯೂ ಇತ್ತು, ನಾನು ತೋರಿಸಿದೆ. ಅವಳು ಆ ಕಡೆ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಸವಕಲ್ಯಾಣದವರೆಗೂ ಹಿಡಿಕೆಯನ್ನು ಮಡಿಲಲ್ಲಿ ಹಿಡಿದುಕೊಂಡು ಬಂದಳು. ಅವಳನ್ನು ಅಷ್ಟು ಒಂಟಿಯಾಗಿ ನಾನು ಕಲ್ಪಿಸಿಕೊಂಡಿರಲಿಲ್ಲ. ಅಲ್ಲಿ ಕಥೆ ನನ್ನ ಕೈ ಮೀರಿತು.

೭

ಇನ್ನು ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ದೀಪಾಲಿ ಬಡಿಯುತ್ತಾಳೆ, ಸುಮನಬಾಯಿ ತೆಗೆಯುತ್ತಾಳೆ, ಇಬ್ಬರೂ ಕಿಟಕಿಯಲ್ಲೇ ತೆಕ್ಕೆ ಬಿದ್ದು ಅಳುತ್ತಾರೆ, ಗೌಂಡಿ ಇಟ್ಟಂಗಿ ಹೊತ್ತು ವಾಪಸು ಹೋಗುತ್ತಾನೆ. ಇದನ್ನು ಇಬ್ಬರಿಗೂ ಓದಿ ತೋರಿಸಿದೆ. "ನಾ ಅಳಂಗಿಲ್ಲ" ಅಂದಳು ಸುಮನಬಾಯಿ. "ನಾ ಅತ್ರೂ ನಿಮ್ಮ ಮುಂದ ಅಳಂಗಿಲ್ಲ" ಅಂದಳು ದೀಪಾಲಿ.

ಆ) ಯಾರೂ ಬಡಿಯುವುದಿಲ್ಲ, ಯಾರೂ ತೆಗೆಯುವುದಿಲ್ಲ. ಸೋಮವಾರ ಗೌಂಡಿ ಆ ಕಡೆಯಿಂದ ಇಟ್ಟಂಗಿ ಕಟ್ಟುತ್ತಾನೆ. ಈ ಕಡೆ ಹೊಸ ಹಿಡಿಕೆ ಸಲೀಸಾಗಿ ತಿರುಗುತ್ತದೆ, ತೆಗೆದರೆ ಗೋಡೆ. ವಿಮರ್ಶಕರು ಇದನ್ನು ಮೆಚ್ಚುತ್ತಾರೆ, ಬರೆದಿಟ್ಟುಕೊಳ್ಳಿ.

ನನಗೂ ಆ ಮುಕ್ತಾಯವೇ ಬೇಕಾಗಿತ್ತು. ಯಾಕೆ ಎಂದು ಹೇಳಿಬಿಡುತ್ತೇನೆ, ವಿಮರ್ಶಕರಿಗೋಸ್ಕರ ಅಲ್ಲ. ಮುಂಜಾನೆ ನಾನು ಬರೆಯಲು ಕೂತರೆ ಸುಮನಬಾಯಿ ಚಹಾ ಇಟ್ಟುಕೊಂಡು ಮಾತಿಗೆ ಬರುತ್ತಾಳೆ. ಮಧ್ಯಾಹ್ನ ದೀಪಾಲಿ ಬಟ್ಟೆ ಮಡಚುತ್ತ ತನ್ನ ಪಾಡು ಹೇಳಿಕೊಳ್ಳುತ್ತಾಳೆ. ಒಬ್ಬಳಿಗೆ ಇನ್ನೊಬ್ಬಳು ಇಲ್ಲದ್ದರಿಂದ ಇಬ್ಬರಿಗೂ ನಾನು ಬೇಕು. ನನ್ನ ಬಾಡಿಗೆ ಕೋಣೆಗೆ ಬೇರೆ ಯಾರೂ ಬರುವುದಿಲ್ಲ. ಅವರಿಬ್ಬರೂ ಮಾತಾಡಿಕೊಂಡರೆ ನನ್ನ ಕಥೆ ಗೆಲ್ಲಬಹುದು, ನಾನು ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಇಂಥವನ ಕೈಗೆ ಪೆನ್ನು ಕೊಟ್ಟಿದ್ದೀರಿ, ಸ್ವಲ್ಪ ಎಚ್ಚರದಿಂದ ಓದಿ.

೮

ಭಾನುವಾರ ಮುಂಜಾನೆ. ಸುಮನಬಾಯಿ ಪೇಚಕಸ್ ಹಿಡಿದು ತಿರುಪು ಬಿಗಿದು ಹಿಡಿಕೆಯನ್ನು ತಾನೇ ಕೂಡಿಸಿದಳು. ತುಸು ಸೊಟ್ಟಗೆ ಕೂತಿತು. ಒಲೆಯ ಮೇಲೆ ಚಹಾ ಇತ್ತು. ಎಂದಿಗಿಂತ ಹೆಚ್ಚು ನೀರು ಹಾಕಿದ್ದಳು. ನಾನು ಅವಳ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ.

ಆ ಕಡೆ ಬೀಗ ತೆಗೆದ ಸದ್ದಾಯಿತು. ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು. ಕಸ ಹೊಡೆದದ್ದು. ಆಮೇಲೆ ಎಲ್ಲ ಸದ್ದೂ ನಿಂತಿತು. ಮುಂದಿನ ವಾಕ್ಯಕ್ಕೆ ನಾನು ಪೆನ್ನು ಊರಿದ್ದೆ: ದೀಪಾಲಿ ಚೀಲ ಎತ್ತಿಕೊಂಡು ಹೊರಟಳು ಎಂದು.

"ನಾ ಹೋದ್ನಿ ಅಂತ ನೀವು ಬರೀಬ್ಯಾಡ್ರಿ," ಎಂದು ದೀಪಾಲಿ ಗೋಡೆಯಾಚೆಯಿಂದ ನನಗೊಬ್ಬನಿಗೇ ಕೇಳುವಂತೆ ಅಂದಳು. "ನಿಂತೀನಿ ಇನ್ನಾ."

ನಾನು ಏನನ್ನೂ ಬರೆಯಲಿಲ್ಲ. ಹಾಗಿದ್ದೂ ಕಿಟಕಿ ಬಡಿದ ಸದ್ದಾಯಿತು. ಮೆಲ್ಲಗೆ, ಬೆರಳ ಗೆಣ್ಣಿನಿಂದ.

ಸುಮನಬಾಯಿ ಎದ್ದು ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟಳು. ಅವಳು ತಿರುವಲಿಲ್ಲ, ಹಿಂದಿರುಗಿ ನನ್ನನ್ನು ನೋಡಿದಳು.

"ಸರಾ, ನೀವು ಜರಾ ಹೊರಗ ನಡೀರಿ."

"ಅಲ್ಲ ಅಕ್ಕಾರ, ಇಷ್ಟು ದಿನ ನಾನು..."

"ಖರೇ ಅದ, ಇಷ್ಟು ದಿನ ನೀವು ಇದ್ರಿ. ಅದು ನಾ ಮರಿಯಂಗಿಲ್ಲ. ಆದ್ರ ಇದು ನಮ್ಮ ಮನಿ ಮಾತು. ನೀವು ನೋಡಾಕತ್ರ ನಂಗ ಮಾತು ಬರಂಗಿಲ್ಲ, ಅಕಿಗೂ ಬರಂಗಿಲ್ಲ."

"ಏನಾಯ್ತು ಅಂತ ಆಮೇಲೆ ಹೇಳ್ತೀರೇನು?"

"ಇಲ್ಲ," ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಚಪ್ಪಲ್ ಅಲ್ಲೇ ಅವ ನೋಡ್ರಿ."

೯

ಹೊರಗೆ ಓಣಿಯಲ್ಲಿ ನಿಂತಿದ್ದೇನೆ. ಹಿಂದೆ ಬಾಗಿಲು ಹಾಕಿದ್ದು ಕೇಳಿಸಿತು. ಒಳಗೆ ಇನ್ನೊಂದು ಸದ್ದಾಯಿತು; ಕಿಟಕಿಯೋ, ಪಾತ್ರೆಯೋ, ಹೇಳಲಾರೆ. ಹಿಡಿಕೆ ಉಲ್ಟಾ ತಿರುಗುತ್ತದೆ, ಅದು ಅವಳಿಗೆ ನೆನಪಿತ್ತೋ ಇಲ್ಲವೋ. ಇಬ್ಬರಲ್ಲಿ ಮೊದಲು ಯಾರು ಮಾತಾಡಿದರು, ಕುಂಕುಮದ ಮಾತು ಬಂತೋ ಇಲ್ಲವೋ, ನಾಳೆ ಸೋಮವಾರ ಗೌಂಡಿ ಏನು ಮಾಡುತ್ತಾನೆ, ಒಂದೂ ನನಗೆ ಗೊತ್ತಿಲ್ಲ. ಕಲ್ಪಿಸಿ ಬರೆಯಬಹುದು, ಬರೆಯುವುದಿಲ್ಲ. ಹೊರಗೆ ನಡೆ ಎಂದವರ ಮನೆಯೊಳಕ್ಕೆ ಕದ್ದು ನೋಡುವಷ್ಟು ಕೆಟ್ಟಿಲ್ಲ ನಾನು.

ಬಿಸಿಲೇರಿದೆ. ಕೋಣೆಗೆ ಹೋಗಬೇಕು. ಅಲ್ಲಿ ಮಾಡಲು ಏನೂ ಇಲ್ಲ, ಹಾಗಾಗಿ ಇಲ್ಲೇ ನಿಂತಿದ್ದೇನೆ. ನೀವಾದರೂ ಪುಟ ಮಡಚಿಟ್ಟು ಏಳಬೇಡಿ. ಒಳಗೆ ಏನಾಯಿತೆಂದು ಮಾತ್ರ ಕೇಳಬೇಡಿ, ಬೇರೆ ಏನಾದರೂ ಕೇಳಿ. ಊಟ ಆಯಿತೇ ಎಂದಾದರೂ ಕೇಳಿ.