ಹುಣಸೆಮರದ ಡಬ್ಬ

ಬೈರಾಪಟ್ಟಣ ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಬೋರಲಿಂಗಯ್ಯ ಬೈಕ್ ನಿಲ್ಲಿಸಿ ಮೂಗು ಎತ್ತಿದ. ಚನ್ನಪಟ್ಟಣದಿಂದ ದಾರಿಯುದ್ದಕ್ಕೂ ಹಿಂದೆ ಉಳಿಯುತ್ತಿದ್ದ ಪರಿಮಳ, ಗಾಡಿ ನಿಂತ ಮೇಲೆ ಅವನನ್ನು ಹಿಡಿದುಹಾಕಿತ್ತು. ಹಿಂದೆ ಕಟ್ಟಿದ್ದ ಡಬ್ಬದ ಮೇಲೆ ‘ಊದುಬತ್ತಿ, ಹನ್ನೆರಡು ಡಜನ್’ ಎಂದಿತ್ತು.

ಅವನು ನೇರ ಮನೆಗೆ ಹೋಗಲಿಲ್ಲ. ಹಿಪ್ಪುನೇರಳೆ ತೋಟದ ಅಂಚಿನ ಹುಣಸೆಮರಕ್ಕೆ ಡಬ್ಬವನ್ನು ನೇತುಹಾಕಿ, ಬೋರ್‌ವೆಲ್ ನೀರಿಗೆ ತಲೆಕೊಟ್ಟು, ಒದ್ದೆ ಪಂಚೆಯಲ್ಲಿ ಅಂಗಳದಲ್ಲಿ ನಿಂತ.

“ನೂರ್ಜಹಾನು ನಿಂಗೇನೋ ಕೊಟ್ಟವ್ಳೆ. ಗಮ್ಮಂತೈತೆ. ಮರದಾಗ್ ಕಟ್ಟಿವ್ನಿ. ಹುಳ ಗೂಡು ಕಟ್ಟೋಗಂಟ ಯಾರೂ ಮುಟ್ಟಂಗಿಲ್ಲ.”

ಹೆಂಡತಿ ವೆಂಕಟಲಕ್ಷ್ಮಮ್ಮ ವಾದಿಸಲಿಲ್ಲ. ರೇಷ್ಮೆಹುಳುವಿಗೆ ವಾಸನೆ ಆಗದು. ಹಿಂದಿನ ಬೆಳೆಯಲ್ಲಿ ತಂಗಿಯ ಮಗಳು ಸಿರಿ ಸೆಂಟು ಹಾಕಿಕೊಂಡು ಬಂದು ಹೋದ ಮಾರನೆಯ ದಿನ ಅರ್ಧ ಹುಳು ತಿಪ್ಪೆ ಸೇರಿತ್ತು. ಸೆಂಟಿನಿಂದಲೇ ಎಂದು ಬೋರಲಿಂಗಯ್ಯ ಹೇಳಿದ್ದ. ಹುಳುಗಳು ಏನೂ ಹೇಳಿರಲಿಲ್ಲ. ಈ ಸಲ ನಾಲ್ಕನೇ ಜ್ವರ ಮುಗಿದಿತ್ತು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಇನ್ನು ಏಳು ದಿನ ಹಗಲೂ ರಾತ್ರಿ ಸೊಪ್ಪು ತಿಂದರೆ ಗೂಡು. ಆ ಏಳು ದಿನ ಮನೆಯಲ್ಲಿ ಒಗ್ಗರಣೆಯೂ ಇಲ್ಲ, ಹೂವೂ ಇಲ್ಲ.

ಅದೇ ಜ್ವರ ಅವಳಿಗೂ ನೂರ್ಜಹಾನಳಿಗೂ ಸ್ನೇಹ ತಂದಿತ್ತು. ಐದನೇ ಕ್ಲಾಸಿನಲ್ಲಿ, “ಯಾಕೆ ಹೂ ಮುಡಿದಿಲ್ಲ?” ಎಂದು ನೂರ್ಜಹಾನ್ ಕೇಳಿದ್ದಕ್ಕೆ ಇವಳು “ಮನೇಲಿ ಜ್ವರ” ಎಂದಿದ್ದಳು. ಮನೆಯವರಿಗೇ ಜ್ವರ ಎಂದುಕೊಂಡು ಅವಳು ಮರುದಿನ ಮೂರು ಮೋಸಂಬಿ ತಂದುಕೊಟ್ಟಿದ್ದಳು. ಈಗ ಅವಳು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಾಳೆ.

ಮರುದಿನ ಸೊಪ್ಪು ಕೊಯ್ಯುವಾಗ ವೆಂಕಟಲಕ್ಷ್ಮಮ್ಮ ಮೂಗು ಮುಚ್ಚಿಕೊಂಡು, ಉದ್ದದ ಕೋಲಿನಿಂದ ಡಬ್ಬವನ್ನು ತಿವಿದಳು. ಒಳಗೆ ಗಲಗಲ ಸದ್ದಾಯಿತು. ಬಳೆ, ಎಂದುಕೊಂಡಳು.

ನಾಲ್ಕನೇ ದಿನ ಫೋನು ಬಂತು.

“ಬಿಚ್ಚಿದ್ಯೇನೇ?” ನೂರ್ಜಹಾನ್ ಕೇಳಿದಳು.

ಮರಕ್ಕೆ ನೇಣು ಹಾಕಿದ್ದೇವೆ ಎಂದು ಹೆಂಗೆ ಹೇಳುವುದು? “ಓ, ಅವತ್ತೇ ಬಿಚ್ದೆ. ಬೋ ಚೆಂದಾಗೈತೆ.”

“ಹಾಕ್ಕೊಂಡ್ಯಾ?”

“ಹಾಕ್ಕೊಂಡೆ ಕಣೇ. ಒಸಿ ಬಿಗಿ.”

“ಬಿಗಿಯಾ?”

“ನನ್ ಕೈ ದಪ್ಪ ಅಲ್ವಾ. ಸೋಪ್ ಹಚ್ಕೊಂಡ್ರೆ ಹೋಯ್ತದೆ ಬುಡು.”

“ಸೋಪ್ ಹಚ್ಕೊಂಡು,” ಎಂದಳು ನೂರ್ಜಹಾನ್ ನಿಧಾನವಾಗಿ. “ಕೈಗೆ. ಸರಿ, ನಾಳೆ ಬತ್ತೀನಿ. ನಾನೂ ಒಸಿ ನೋಡ್ಬೇಕು.”

ವೆಂಕಟಲಕ್ಷ್ಮಮ್ಮನಿಗೆ ಅಂದು ಊಟ ಸೇರಲಿಲ್ಲ. ಡಬ್ಬ ಬಿಚ್ಚಿದರೆ ಹುಳು ಹೋದಾವು, ಬಿಚ್ಚದಿದ್ದರೆ ಮೋಸಂಬಿ ಕಾಲದ ಗೆಳತಿ. ಬೆಳಿಗ್ಗೆ ಹತ್ತರ ಬಸ್ಸಿಗೆ ತೋಟದ ಹತ್ತಿರವೇ ಕಾದು ನಿಂತಳು.

ಬಸ್ಸಿಳಿದ ನೂರ್ಜಹಾನ್ ಮೊದಲು ಗೆಳತಿಯ ಬರಿಗೈ ನೋಡಿದಳು. ಆಮೇಲೆ ತಲೆ ಎತ್ತಿ ಹುಣಸೆಮರ ನೋಡಿದಳು.

“ಅದು ನನ್ ಡಬ್ಬ ಅಲ್ವಾ?”

“ಹೂಂ.”

“ಅಲ್ಯಾಕಿದೆ?”

“ವಾಸ್ನೆ ಕಣೇ. ನಾಲ್ಕನೇ ಜ್ವರ ಎದ್ದವೆ. ಬಿಚ್ಲೇ ಇಲ್ಲ, ಸುಳ್ಳು ಹೇಳ್ಬುಟ್ಟೆ. ಬೈಯಂಗಿದ್ರೆ ಬೈದ್ಬುಡು.”

ನೂರ್ಜಹಾನ್ ಬೈಯಲಿಲ್ಲ. ಕೋಲಿನಿಂದ ಡಬ್ಬ ಇಳಿಸಿ, ಮೇಲಿದ್ದ ‘ಊದುಬತ್ತಿ’ ಓದಿ, ಹಣೆಗೆ ಕೈ ಹಚ್ಚಿ ಬದುವಿನ ಮೇಲೆ ಕುಳಿತಳು. “ಗಟ್ಟಿ ಡಬ್ಬಕ್ಕೆ ಹಾಕು ಅಂದಿದ್ದೆ ಮಗ್ಳು ಮೆಹ್ರೀನ್‌ಗೆ. ಆ ಹುಡುಗಿಗೆ ಊರಲ್ಲಿ ಇದೊಂದೇ ಸಿಕ್ಕಿದ್ದು.”

ಒಳಗಿದ್ದದ್ದು ಮಲ್ಲಿಗೆ. ಹಾಲೆಮರದಲ್ಲಿ ಕಡೆದು, ಅರಗಿನ ಬಿಳಿ ಬಣ್ಣ ಕೊಟ್ಟು, ತೊಟ್ಟಿಗೆ ಒಂದಿಷ್ಟು ಹಸಿರು ಹಚ್ಚಿದ ನೂರಾರು ಮೊಗ್ಗು. ದಾರದಲ್ಲಿ ಪೋಣಿಸಿದ ಒಂದು ಮೊಳ ದಂಡೆ.

“ಹುಳದ್ ಮನೇಲೂ ಮುಡ್ಕೊಳ್ಳೋ ಅಂಥದ್ದು,” ಎಂದಳು ನೂರ್ಜಹಾನ್. “ವಾಸ್ನೆ ಇಲ್ದೇ ಇರೋ ಹೂವು. ಎರಡು ತಿಂಗಳು ಕಡೆದಿದ್ದೀನಿ. ಮೂಸು.”

ವೆಂಕಟಲಕ್ಷ್ಮಮ್ಮ ಮೂಸಿದಳು. “ದೇವಸ್ಥಾನದ ವಾಸ್ನೆ.”

ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡು, ಬದುವಿನ ಮೇಲೆ ಉರುಳಾಡಿ ನಕ್ಕರು.

ನಕ್ಕು ಸುಸ್ತಾದ ಮೇಲೆ ವೆಂಕಟಲಕ್ಷ್ಮಮ್ಮ ಒಂದು ಮೊಗ್ಗನ್ನು ಸೆರಗಿನಿಂದ ತಿಕ್ಕಿ ಮತ್ತೆ ಮೂಸಿದಳು. ವಾಸನೆ ಇರಲಿಲ್ಲ. ದಾರ ಮೂಸಿದಳು. ವಾಸನೆಯೆಲ್ಲ ಅಲ್ಲಿತ್ತು. ದಾರವನ್ನು ಹಲ್ಲಿನಿಂದ ಕಡಿದು ಡಬ್ಬದ ಜೊತೆ ದೂರ ಎಸೆದಳು. ಇಬ್ಬರೂ ಮೊಗ್ಗುಗಳನ್ನು ನೀರಿನಲ್ಲಿ ತೊಳೆದು, ನಿಜವಾದ ಹೂ ಕಟ್ಟುವ ಹಾಗೆಯೇ ಬಾಳೆನಾರಿನಲ್ಲಿ ಪೋಣಿಸಿದರು. ತಾನೂ ಮಿಂದು, ಸೀರೆ ಬದಲಿಸಿ, ದಂಡೆ ಮುಡಿದು ವೆಂಕಟಲಕ್ಷ್ಮಮ್ಮ ಹುಳದ ಮನೆಯ ಬಾಗಿಲಿಗೆ ಬಂದಳು.

ಬೋರಲಿಂಗಯ್ಯ ಅಡ್ಡ ನಿಂತ. “ತಲೇಲೇನಮ್ಮೀ ಅದು?”

“ಮಲ್ಗೆ.”

ಅವನ ಮುಖ ಬಿಳಿಚಿತು. ಹೆಂಡತಿಯ ತುರುಬಿಗೆ ಮೂಗು ತಂದು ಮೂರು ಸಲ ಎಳೆದ. ಅಂಗಳದಲ್ಲಿದ್ದ ನೂರ್ಜಹಾನ್ ಕತ್ತು ಚಾಚಿ ಕೇಳಿದಳು.

“ಏನ್ ವಾಸ್ನೆ ಬತ್ತೈತೆ ಅಣ್ಣಾ?”

“ಬಾಳೆಪಟ್ಟೆದು,” ಎಂದ ಅವನು, ತುಸು ನಿರಾಸೆಯಿಂದ. “ಹೋಗು ಒಳಕ್ಕೆ. ನೀ ಅಲ್ಲೇ ಇರವ್ವ ನೂರ್ಜಹಾನು, ಡಬ್ಬ ಮುಟ್ಟಿದ್ದೀಯ.”

ನೂರ್ಜಹಾನ್ ಜಗಲಿಯ ತುದಿಯಲ್ಲಿ ಕುಳಿತಳು. ಒಳಗೆ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಜಡಿಮಳೆಯಂತೆ ಕೇಳುತ್ತಿತ್ತು.

“ಹೆಂಗೈತೇ?” ಎಂದು ಕೂಗಿದಳು. “ಬಿಗಿಯಾ?”

“ಇಲ್ಲ ಕಣೇ,” ಒಳಗಿನಿಂದ ದನಿ ಬಂತು. “ಒಸಿ ಸಡ್ಲ.”